ತಡೆದ ಗೋಲುಗಳ ಲೆಕ್ಕ

ಹಾಕಿ ಪಂದ್ಯದ ಮರುದಿನ ಪತ್ರಿಕೆ ತೆರೆದವರ ಕಣ್ಣಿಗೆ ಮೊದಲು ಬೀಳುವುದು ಗೋಲು ಹೊಡೆದವರ ಹೆಸರು. ಎಷ್ಟನೆಯ ನಿಮಿಷದಲ್ಲಿ, ಹೇಗೆ, ಯಾರ ನೆರವಿನಿಂದ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಆದರೆ ಒಳಗೆ ಹೋಗಲಿದ್ದ ಚೆಂಡನ್ನು ಮೈಯೊಡ್ಡಿ ಹೊರಗಟ್ಟಿದವನಿಗೆ ಅಂಕಪಟ್ಟಿಯಲ್ಲಿ ಸ್ಥಳವಿಲ್ಲ. ಅವನ ಹೆಸರು ದಪ್ಪ ಅಕ್ಷರಗಳಲ್ಲಿ ಅಚ್ಚಾಗುವುದು ಅವನು ಎಡವಿದ ದಿನ ಮಾತ್ರ. ಮುನ್ನುಗ್ಗಿ ಆಡುವವನು ಹತ್ತು ಅವಕಾಶಗಳಲ್ಲಿ ಒಂಬತ್ತನ್ನು ಕಳೆದು ಒಂದನ್ನು ಗೋಲಾಗಿಸಿದರೆ ವೀರನೆನಿಸುತ್ತಾನೆ. ರಕ್ಷಣೆಯವನು ಒಂಬತ್ತನ್ನು ತಡೆದು ಒಂದರಲ್ಲಿ ಸೋತರೆ ಆ ಒಂದನ್ನೇ ಜನರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಇಂಥ ಕೃತಜ್ಞತೆಯಿಲ್ಲದ ಕಾಯಕಕ್ಕೆ ನಮ್ಮ ದೇಶದ ಒಂದೇ ಒಂದು ಮೂಲೆ ಮತ್ತೆ ಮತ್ತೆ ತನ್ನ ಮಕ್ಕಳನ್ನು ಕಳುಹಿಸಿಕೊಟ್ಟಿದೆ. ಒಡಿಶಾದ ಸುಂದರ್‌ಗಢ ಜಿಲ್ಲೆ ಮತ್ತು ಅದಕ್ಕೆ ಅಂಟಿಕೊಂಡ ಛೋಟಾನಾಗಪುರದ ಬೆಟ್ಟಗಾಡಿನ ಆ ಕಥೆಯನ್ನು ಈ ವಾರ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಕಥೆ ಆರಂಭವಾಗುವುದು 1928ರಲ್ಲಿ. ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತ ಮೊದಲ ಬಾರಿಗೆ ಹಾಕಿ ಚಿನ್ನ ಗೆದ್ದಿತು. ಐದು ಪಂದ್ಯಗಳಲ್ಲಿ 29 ಗೋಲುಗಳು ಬಂದವು, ಅವುಗಳಲ್ಲಿ 14 ಧ್ಯಾನ್ ಚಂದ್ ಅವರವು. ಈ ಅಂಕಿಗಳನ್ನು ಶಾಲಾ ಮಕ್ಕಳೂ ಬಲ್ಲರು. ಆ ಐದು ಪಂದ್ಯಗಳಲ್ಲಿ ಭಾರತದ ವಿರುದ್ಧ ಬಿದ್ದ ಗೋಲುಗಳೆಷ್ಟು ಎಂದು ಕೇಳಿದರೆ ಉತ್ತರಿಸುವವರು ವಿರಳ. ಒಂದೂ ಇಲ್ಲ! ಆ ತಂಡದ ನಾಯಕ ಜೈಪಾಲ್ ಸಿಂಗ್ ಒಬ್ಬ ಫುಲ್‌ಬ್ಯಾಕ್. ರಾಂಚಿ ಸೀಮೆಯ ಮುಂಡಾ ಬುಡಕಟ್ಟಿನ ಹುಡುಗ, ಆಂಗ್ಲಿಕನ್ ಮಿಷನ್ನಿನ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡ್ ತಲಪಿ, ಅಲ್ಲಿನ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಹೆಸರು ಮಾಡಿದವರು. ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ನಿಂತು ಮಾತನಾಡಿದವರೂ ಇವರೇ. ಕೊನೆಯ ಸಾಲಿನಲ್ಲಿ ನಿಂತು ಕಾಯುವುದು ಅವರಿಗೆ ಮೈದಾನದ ಹೊರಗೂ ಅಭ್ಯಾಸವಾಗಿತ್ತೆಂದು ತೋರುತ್ತದೆ.

ಸುಂದರ್‌ಗಢವು ಹಿಂದೆ ಗಾಂಗ್‌ಪುರ ಮತ್ತು ಬೊನಾಯಿ ಎಂಬ ಎರಡು ಸಂಸ್ಥಾನಗಳಾಗಿತ್ತು. 1948ರಲ್ಲಿ ಒಂದೇ ಜಿಲ್ಲೆಯಾಯಿತು. ಅದರ ಉತ್ತರಕ್ಕಿರುವ ಛೋಟಾನಾಗಪುರಕ್ಕೆ 1885ರಲ್ಲಿ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವೆನ್ಸ್ ಬಂದರು. ಜಮೀನ್ದಾರರ ಕೈಯಲ್ಲಿ ಭೂಮಿ ಕಳೆದುಕೊಳ್ಳುತ್ತಿದ್ದ ಉರಾಂವ್, ಮುಂಡಾ, ಖಡಿಯಾ ಜನರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಬಳಿಕ ಬಂದ ಮಿಷನರಿಗಳು ಗಾಂಗ್‌ಪುರದ ಕಾಡುಗಳೊಳಗೂ ಶಾಲೆ, ಇಗರ್ಜಿಗಳನ್ನು ಕಟ್ಟಿದರು. ಆ ಶಾಲೆಗಳ ಅಂಗಳದಲ್ಲೇ ಹಾಕಿ ಬೇರು ಬಿಟ್ಟಿತು. ಆಟಕ್ಕೆ ಬೇಕಾದ ಸ್ಟಿಕ್ಕನ್ನು ಮಕ್ಕಳು ಅಂಗಡಿಯಿಂದ ತರಲಿಲ್ಲ. ಕಾಡಿಗೆ ಹೋಗಿ ಬುಡ ಬಾಗಿದ ಬಿದಿರನ್ನೋ ಕೊಂಬೆಯನ್ನೋ ಕಡಿದು ತಂದರು. ಬಿದಿರಿನ ಗೆಡ್ಡೆಯನ್ನು ಕೆತ್ತಿದರೆ ಚೆಂಡಾಯಿತು.

ಗದ್ದೆ ಕೊಯ್ಲು ಮುಗಿದ ಮೇಲೆ ಊರೂರಿಗೆ ಪಂದ್ಯಾವಳಿ. ಅದರ ಹೆಸರು ‘ಖಸ್ಸಿ’. ಗೆದ್ದ ತಂಡಕ್ಕೆ ಕೊಡುವ ಕೊಬ್ಬಿದ ಆಡಿಗೇ ಆ ಹೆಸರು. ಬೆಳ್ಳಿಯ ಬಟ್ಟಲಿಲ್ಲ, ಪ್ರಶಸ್ತಿಪತ್ರವಿಲ್ಲ. ಗೆದ್ದವರು ಆಡನ್ನು ಊರಿಗೆ ಹೊತ್ತು ತಂದು ಅಡುಗೆ ಮಾಡಿ ಎಲ್ಲರೊಡನೆ ಹಂಚಿ ಉಣ್ಣುತ್ತಾರೆ. ಸೋತವರಿಗೂ ಕೆಲವೊಮ್ಮೆ ಒಂದು ಕೋಳಿ ಸಿಗುವುದುಂಟು. ಕೊಡಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆತನವೇ ತಂಡವಾಗುವಂತೆ ಅಲ್ಲಿ ಊರೇ ತಂಡವಾಗುತ್ತದೆ. ಕರಾವಳಿಯ ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಕ್ರಿಕೆಟ್ಟಿನ ಗದ್ದಲದ ನಡುವೆ ಹಾಕಿಗೆ ಎಲ್ಲಿ ಎಡೆಯಿದೆ ಎಂದು ಕೇಳಿಕೊಂಡರೆ ನಮಗೇ ಸಂಕೋಚವಾದೀತು.

ಈ ಮಣ್ಣಿನಿಂದ ಮುನ್ನಡೆಯ ಆಟಗಾರರಿಗಿಂತ ರಕ್ಷಣೆಯ ಆಟಗಾರರೇ ಹೆಚ್ಚಾಗಿ ಹೆಸರು ಮಾಡಿದ್ದು ಏಕೆ? ಹಲವರು ಹಲವು ಕಾರಣ ಹೇಳುತ್ತಾರೆ. ನಮ್ಮ ಊಹೆ ಇಷ್ಟು: ಕೊಯ್ದ ಗದ್ದೆಯ ಕೂಳೆಗಳ ಮೇಲೆ, ಏರುತಗ್ಗಿನ ನೆಲದಲ್ಲಿ, ಬರಿಗಾಲಿನಲ್ಲಿ ಆಡುವ ಹುಡುಗನಿಗೆ ಚೆಂಡು ಯಾವ ಕ್ಷಣ ಎತ್ತ ಪುಟಿಯುವುದೋ ತಿಳಿಯದು. ಅವನು ಎದುರಾಳಿಯ ಭುಜದ ಆಟ, ಕಣ್ಣಿನ ಆಟಗಳಿಗೆ ಮರುಳಾಗದೆ ಚೆಂಡನ್ನೇ ನೋಡಲು ಕಲಿಯುತ್ತಾನೆ. ಒಳ್ಳೆಯ ಫುಲ್‌ಬ್ಯಾಕ್‌ಗೆ ಬೇಕಾದ ಮೊದಲ ಗುಣವೇ ಅದು.

ಮೈಕಲ್ ಕಿಂಡೋ ಆ ಗುಣವನ್ನು ಲೋಕಕ್ಕೆ ತೋರಿದ ಮೊದಲಿಗರಲ್ಲಿ ಒಬ್ಬರು. ಇಂದಿನ ಜಾರ್ಖಂಡಿನ ಸಿಮ್‌ಡೇಗಾ ಸೀಮೆಯಲ್ಲಿ ಹುಟ್ಟಿ, ನೌಕಾಪಡೆಯಲ್ಲಿ ದುಡಿದು, ಬಳಿಕ ರೂರ್ಕೆಲಾದಲ್ಲಿ ನೆಲೆಸಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಮತ್ತು 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡಗಳ ಫುಲ್‌ಬ್ಯಾಕ್. ಆ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಮಲೇಷ್ಯಾದೆದುರು ಭಾರತ ಹಿಂದಿದ್ದಾಗ ಕಿಂಡೋ ಅವರನ್ನು ಹೊರಗೆ ಕರೆಸಿ ಅಸ್ಲಂ ಶೇರ್ ಖಾನ್ ಅವರನ್ನು ಇಳಿಸಲಾಯಿತು; ಅಸ್ಲಂ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದು ತಂಡವನ್ನು ಉಳಿಸಿದರು. ಆ ಗೋಲು ಇಂದಿಗೂ ದಂತಕಥೆ. ಅದಕ್ಕಾಗಿ ಜಾಗ ಬಿಟ್ಟು ಬಂದವರನ್ನು ನೆನೆಯುವವರು ಕಡಿಮೆ. 2020ರ ಡಿಸೆಂಬರ್ 31ರಂದು ರೂರ್ಕೆಲಾದಲ್ಲಿ ಅವರು ತೀರಿಕೊಂಡರು.

ಇನ್ನು ಆ ಸೀಮೆಯ ಅತ್ಯಂತ ಪ್ರತಿಭಾವಂತ ತರುಣನ ಮಾತು. ಸುಂದರ್‌ಗಢ ಜಿಲ್ಲೆಯ ಸೌನಾಮಾರಾ ಎಂಬ ಪುಟ್ಟ ಹಳ್ಳಿಯಲ್ಲಿ 1977ರ ನವೆಂಬರಿನಲ್ಲಿ ಹುಟ್ಟಿದ ದಿಲೀಪ್ ತಿರ್ಕಿ, ರೂರ್ಕೆಲಾ ಸಮೀಪದ ಪಾನ್‌ಪೋಷ್ ಕ್ರೀಡಾ ವಸತಿನಿಲಯ ಸೇರಿ ಅಲ್ಲಿ ಪಳಗಿದರು. 1995ರಲ್ಲಿ ಭಾರತ ತಂಡದ ಸಮವಸ್ತ್ರ ತೊಟ್ಟರು. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೊರಟಾಗ ಅವರಿಗೆ ಹದಿನೆಂಟು ವಯಸ್ಸು. ತಂಡದ ನಾಯಕ ಪರ್ಗಟ್ ಸಿಂಗ್ ಸ್ವತಃ ಹೆಸರಾಂತ ಫುಲ್‌ಬ್ಯಾಕ್. ಹುಡುಗನಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕಿರಲಿಲ್ಲ. ಭಾರತ ಅಲ್ಲಿ ಎಂಟನೆಯ ಸ್ಥಾನಕ್ಕೆ ಕುಸಿಯಿತು ಎಂಬುದು ಬೇರೆ ಮಾತು.

ಆದರೆ ಆ ತರುಣ ಕಾಲಿಟ್ಟ ಗಳಿಗೆ ರಕ್ಷಣೆಯ ಆಟಗಾರರ ಪಾಲಿಗೆ ಸುಲಭದ್ದಾಗಿರಲಿಲ್ಲ. ನೂರು ವರ್ಷಗಳಿಂದ ಅವರಿಗೆ ಆಸರೆಯಾಗಿದ್ದ ನಿಯಮವೊಂದು ಅದೇ ಹೊತ್ತಿಗೆ ಕಳಚಿ ಬಿತ್ತು. ಹಿಂದೆ ಹಾಕಿಯಲ್ಲಿ ಫುಟ್‌ಬಾಲಿನಂತೆಯೇ ಆಫ್‌ಸೈಡ್ ನಿಯಮವಿತ್ತು. ಎದುರಾಳಿಯ ಮುನ್ನಡೆಯವನು ನಮ್ಮ ಕೊನೆಯ ರಕ್ಷಕರನ್ನು ದಾಟಿ ಗೋಲಿನ ಬಾಗಿಲಲ್ಲಿ ಚೆಂಡಿಗಾಗಿ ಕಾದು ನಿಲ್ಲುವಂತಿರಲಿಲ್ಲ. ಹಾಗಾಗಿ ಚಾಣಾಕ್ಷ ಫುಲ್‌ಬ್ಯಾಕ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಾಳಿ ತಾನಾಗಿಯೇ ನಿಯಮದ ಬಲೆಗೆ ಬೀಳುತ್ತಿದ್ದ. 1996ರಲ್ಲಿ ಆ ನಿಯಮವನ್ನು ಪ್ರಯೋಗಾರ್ಥವಾಗಿ ಕೈಬಿಟ್ಟು 1998ರಲ್ಲಿ ಶಾಶ್ವತವಾಗಿ ತೆಗೆದುಹಾಕಿದರು. ಅಂದಿನಿಂದ ಎದುರಾಳಿ ಎಲ್ಲಿ ಬೇಕಾದರೂ ನಿಲ್ಲಬಹುದಾಯಿತು, ಗೋಲ್‌ಕೀಪರನ ಮಗ್ಗುಲಲ್ಲಿಯೂ! ಫುಲ್‌ಬ್ಯಾಕ್‌ನ ಮುಂದೆ ಚೆಂಡು, ಬೆನ್ನ ಹಿಂದೆ ಎದುರಾಳಿ. ಎರಡನ್ನೂ ಒಟ್ಟಿಗೆ ನೋಡಲು ಅವನಿಗೆ ತಲೆಯ ಹಿಂದೆ ಇನ್ನೆರಡು ಕಣ್ಣುಗಳು ಬೇಕಾದವು.

ತಂಡಗಳ ವ್ಯೂಹವೇ ಬದಲಾಯಿತು. ಇಬ್ಬರು ಫುಲ್‌ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಮುನ್ನಡೆಯವರೆಂಬ ಹಳೆಯ ಜೋಡಣೆಯನ್ನು ಯುರೋಪಿನವರು ಮೊದಲೇ ಸಡಿಲಿಸಿದ್ದರು. ಈಗ ಹಿಂದೆ ಮೂವರು ನಾಲ್ವರು ನಿಲ್ಲುವುದು ಅನಿವಾರ್ಯವಾಯಿತು. ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲುಗಾರನೆಂಬ ಪದ್ಧತಿಯ ಜೊತೆಗೆ ಮೈದಾನವನ್ನೇ ಹೋಳು ಹೋಳಾಗಿ ಹಂಚಿಕೊಂಡು ಕಾಯುವ ಪದ್ಧತಿಯೂ ಬೆಳೆಯಿತು. ಇದರಲ್ಲಿ ಒಬ್ಬನು ಚೆಂಡಿನ ಮೇಲೆ ಬಿದ್ದರೆ ಉಳಿದವರು ಅವನು ತೆರವು ಮಾಡಿದ ಜಾಗಕ್ಕೆ ಸರಿಯಬೇಕು. ಒಬ್ಬ ಮರೆತರೂ ಬಾಗಿಲು ತೆರೆದಂತೆ. ಮಾತಿಲ್ಲದೆ ಒಬ್ಬರನ್ನೊಬ್ಬರು ಅರಿಯುವ ಈ ವಿದ್ಯೆಯನ್ನು ಹಲಗೆಯ ಮೇಲೆ ಗೀಚಿ ಕಲಿಸಬಹುದು, ಆದರೆ ಕಾಲಿಗೆ ಇಳಿಸಲು ವರ್ಷಗಳೇ ಬೇಕು. ದಿಲೀಪ್ ಅದನ್ನು ಇಪ್ಪತ್ತು ದಾಟುವಷ್ಟರಲ್ಲಿ ಕರಗತ ಮಾಡಿಕೊಂಡರು. ಅವರ ಆಟದಲ್ಲಿ ಅಬ್ಬರವಿರಲಿಲ್ಲ. ಎದುರಾಳಿ ಸಮೀಪಿಸಿದಾಗ ಧಾವಿಸಿ ಸ್ಟಿಕ್ ಬೀಸುವವರಲ್ಲ ಅವರು. ಒಂದು ಪಕ್ಕಕ್ಕೆ ಅವನನ್ನು ಮೆಲ್ಲಗೆ ಒತ್ತುತ್ತ, ದಾರಿ ಕಿರಿದಾಗುವವರೆಗೆ ಕಾದು, ಅವನು ಚೆಂಡನ್ನು ಸ್ಟಿಕ್ಕಿನಿಂದ ಅರೆಕ್ಷಣ ದೂರ ಮಾಡಿದಾಗ ಕಸಿದುಕೊಳ್ಳುವವರು.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯಾ ಕ್ರೀಡಾಕೂಟದ ಅಂತಿಮ ಪಂದ್ಯ ದಕ್ಷಿಣ ಕೊರಿಯದೊಡನೆ 1–1ರಲ್ಲಿ ಸಮವಾಯಿತು. ಪೆನಾಲ್ಟಿ ಸ್ಟ್ರೋಕುಗಳಲ್ಲಿ ಕರ್ನಾಟಕದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಗೋಡೆಯಂತೆ ನಿಂತರು. 32 ವರ್ಷಗಳ ಬಳಿಕ ಚಿನ್ನ ಭಾರತಕ್ಕೆ ಬಂತು. ಧನರಾಜ್ ಪಿಳ್ಳೆ ನಾಯಕತ್ವದ ಆ ತಂಡದಲ್ಲಿ ದಿಲೀಪ್ ಇದ್ದರು.

ಎರಡು ವರ್ಷ ಕಳೆದು ಸಿಡ್ನಿ. ಗುಂಪಿನ ಕೊನೆಯ ಪಂದ್ಯದಲ್ಲಿ ಪೋಲೆಂಡನ್ನು ಸೋಲಿಸಿದರೆ ಭಾರತಕ್ಕೆ ಸೆಮಿಫೈನಲ್. ಭಾರತ ಒಂದು ಗೋಲಿನಿಂದ ಮುಂದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ ಪೋಲೆಂಡ್ ಗೋಲು ಹೊಡೆಯಿತು. ಅಷ್ಟೇ. ಕೊನೆಗೆ ಏಳನೆಯ ಸ್ಥಾನ. ಸುಂದರ್‌ಗಢದ ದಿಲೀಪ್ ತಿರ್ಕಿ, ಲಾಜರಸ್ ಬಾರ್ಲಾ ಇಬ್ಬರೂ ಆ ತಂಡದಲ್ಲಿದ್ದರು. ಅರುವತ್ತೆಂಟು ನಿಮಿಷ ಕಾದದ್ದಕ್ಕೆ ಯಾರೂ ಲೆಕ್ಕವಿಡಲಿಲ್ಲ.

ಒಂದು ಗೋಲಿನ ಮುನ್ನಡೆಯನ್ನು ಕಾಯುವ ತಂಡಕ್ಕೆ ಇದೊಂದು ಹಳೆಯ ರೋಗ. ಗಡಿಯಾರ ನೋಡತೊಡಗಿದೊಡನೆ ಆಟಗಾರರು ಅರಿವಿಲ್ಲದೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ಹಿಂದೆ ಸರಿದಷ್ಟೂ ಎದುರಾಳಿಗೆ ಗೋಲಿನ ಮುಂದಿನ ಅರೆವೃತ್ತ ಹತ್ತಿರವಾಗುತ್ತದೆ. ಅಲ್ಲಿಗೆ ಬಂದ ಚೆಂಡು ಯಾರ ಕಾಲಿಗೆ ತಗುಲಿದರೂ ಪೆನಾಲ್ಟಿ ಕಾರ್ನರ್, ಯಾರ ಸ್ಟಿಕ್ಕಿಗೆ ಸವರಿದರೂ ಗೋಲು. ಆದುದರಿಂದ ಗೋಲನ್ನು ಕಾಯುವ ಅತ್ಯುತ್ತಮ ಸ್ಥಳ ಗೋಲಿನ ಬಾಯಿಯಲ್ಲ, ಮೈದಾನದ ನಡುವೆ. ಬಲ್ಲವರೆಲ್ಲರೂ ಒಪ್ಪುವ ಈ ಮಾತನ್ನು ಕೊನೆಯ ಎರಡು ನಿಮಿಷಗಳಲ್ಲಿ ನೆನಪಿಡುವುದು ಮಾತ್ರ ಬಹು ಕಷ್ಟ.

ದಿಲೀಪ್ ಆ ಗಾಯದಿಂದ ಕುಗ್ಗಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕರಾದರು. ಅದೇ ವರ್ಷ ಪದ್ಮಶ್ರೀ ಬಂತು. 2010ರಲ್ಲಿ ನಿವೃತ್ತರಾಗುವಾಗ 400ಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯಗಳನ್ನಾಡಿದ್ದರು. 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾಗಿ ಆಯ್ಕೆಯಾದರು. ಇದಕ್ಕೆಲ್ಲ ಮೀರಿ ನಮಗೆ ಮುಖ್ಯವೆನಿಸುವುದು ಇನ್ನೊಂದು: ಅವರು ತಮ್ಮ ಊರಿನ ಹುಡುಗರ ಕಣ್ಣಿಗೆ ರಕ್ಷಣೆಯ ಆಟವನ್ನು ಆಸೆಪಡತಕ್ಕ ವಸ್ತುವಾಗಿಸಿದರು. ಸಾಮಾನ್ಯವಾಗಿ ಮಕ್ಕಳು ಆಟಕ್ಕೆ ಇಳಿದರೆ ಎಲ್ಲರಿಗೂ ಗೋಲು ಹೊಡೆಯುವ ಆಸೆ. ಹಿಂದೆ ನಿಲ್ಲಲು ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಸೌನಾಮಾರಾದಲ್ಲಿ ಹಿಂದೆ ನಿಲ್ಲುವುದೇ ದೊಡ್ಡತನ.

ಅಂಥ ಹುಡುಗರಲ್ಲಿ ಒಬ್ಬರು ಅಮಿತ್ ರೋಹಿದಾಸ್. ಅದೇ ಹಳ್ಳಿ, 1993ರ ಜನನ. ಅದೇ ಪಾನ್‌ಪೋಷ್ ವಸತಿನಿಲಯ. 2013ರಲ್ಲಿ ಭಾರತ ತಂಡಕ್ಕೆ ಬಂದರು, ಬಳಿಕ ಸ್ಥಾನ ಕಳೆದುಕೊಂಡರು, 2017ರಲ್ಲಿ ಮರಳಿ ಗಳಿಸಿಕೊಂಡರು. ಮರಳಿ ಬಂದ ಮೇಲೆ ಅವರು ವಹಿಸಿಕೊಂಡ ಹೊಣೆಯನ್ನು ತುಸು ವಿವರಿಸಬೇಕು, ಏಕೆಂದರೆ ಇಂದಿನ ಹಾಕಿಯಲ್ಲಿ ಅದಕ್ಕಿಂತ ಅಪಾಯದ ಕೆಲಸವಿಲ್ಲ.

ಪೆನಾಲ್ಟಿ ಕಾರ್ನರ್ ಸಂದರ್ಭದಲ್ಲಿ ಗೋಲ್‌ಕೀಪರ್ ಸಹಿತ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು; ಉಳಿದವರು ಮೈದಾನದ ನಡುಗೆರೆಯಾಚೆಗೆ ಹೋಗಬೇಕು. ಎದುರಾಳಿಯೊಬ್ಬ ಗೋಲುಗಂಬದಿಂದ ಹತ್ತು ಮೀಟರ್ ದೂರದ ಗುರುತಿನಿಂದ ಚೆಂಡನ್ನು ವೃತ್ತದ ಹೊರಗೆ ತಳ್ಳುತ್ತಾನೆ. ಅಲ್ಲೊಬ್ಬ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ಗೋಲಿನತ್ತ ಚಿಮ್ಮುತ್ತಾನೆ. ಇದೇ ಡ್ರ್ಯಾಗ್ ಫ್ಲಿಕ್. ಬಲವಾಗಿ ಬಾರಿಸಿದ ಮೊದಲ ಹೊಡೆತವಾದರೆ ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ಮೀರುವಂತಿಲ್ಲ. ಚಿಮ್ಮುವ ಚೆಂಡಿಗೆ ಆ ಮಿತಿಯಿಲ್ಲ. ಅದು ತಲೆಯೆತ್ತರಕ್ಕೂ ಬರಬಹುದು, ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ. ಇಡೀ ವ್ಯವಹಾರ ಮುಗಿಯುವುದು ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ. ಅಷ್ಟರೊಳಗೆ ಗೋಲಿನ ಗೆರೆಯಿಂದ ಹೊರಟು ಆ ಚಿಮ್ಮುವವನ ಎದುರಿಗೇ ಓಡಿ ಹೋಗಬೇಕಾದವನನ್ನು ‘ಫಸ್ಟ್ ರಷರ್’ ಎನ್ನುತ್ತಾರೆ. ಮುಖಕ್ಕೊಂದು ಮುಖವಾಡ, ಮೊಣಕಾಲಿಗೊಂದು ಕವಚ. ಉಳಿದದ್ದು ದೇವರ ಮೇಲಿನ ಭಾರ.

ಈ ಓಟ ಹುಂಬತನವಲ್ಲ, ಗೋಲ್‌ಕೀಪರನೊಡನೆ ಮಾಡಿಕೊಂಡ ಒಪ್ಪಂದ. ಗೋಲಿನ ಒಂದು ಭಾಗವನ್ನು ಓಡುವವನು ತನ್ನ ದೇಹದಿಂದಲೂ ಸ್ಟಿಕ್ಕಿನಿಂದಲೂ ಮುಚ್ಚುತ್ತಾನೆ, ಇನ್ನೊಂದನ್ನು ಕೀಪರ್ ನೋಡಿಕೊಳ್ಳುತ್ತಾನೆ. ಕೆಲವು ತಂಡಗಳು ಒಬ್ಬನನ್ನು ಓಡಿಸಿ ಮೂವರನ್ನು ಹಿಂದೆ ಉಳಿಸಿಕೊಳ್ಳುತ್ತವೆ, ಕೆಲವು ಇಬ್ಬರನ್ನು ಓಡಿಸುತ್ತವೆ. ಓಡಿದವನು ಐದು ಮೀಟರಿನೊಳಗೆ ಬಂದಿದ್ದು ಚೆಂಡು ಅವನ ಮೊಣಕಾಲಿಗಿಂತ ಕೆಳಗೆ ಬಡಿದರೆ ಎದುರಾಳಿಗೆ ಮತ್ತೊಂದು ಕಾರ್ನರ್. ಮೊಣಕಾಲಿಗೋ ಅದಕ್ಕಿಂತ ಮೇಲೋ ಬಡಿದರೆ ಹೊಡೆತವೇ ಅಪಾಯಕಾರಿಯೆಂದು ರಕ್ಷಿಸುವ ತಂಡಕ್ಕೆ ಫ್ರೀ ಹಿಟ್. ತೊಡೆಗೆ ಪೆಟ್ಟು ಬಿದ್ದರೆ ತಂಡಕ್ಕೆ ಲಾಭ ಎಂಬ ಈ ವಿಚಿತ್ರ ಲೆಕ್ಕವನ್ನು ಒಪ್ಪಿಕೊಂಡವನೇ ಓಡಬಲ್ಲ.

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯೆದುರು ಭಾರತ 5–4ರಿಂದ ಮುಂದಿದ್ದಾಗ, ಕೊನೆಯ ಏಳು ಸೆಕೆಂಡು ಕೂಡ ಉಳಿಯದಿದ್ದಾಗ, ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸಿಡ್ನಿಯನ್ನು ಬಲ್ಲವರ ಎದೆ ನಿಂತೇ ಹೋಗಿರಬೇಕು. ಈ ಬಾರಿ ಬಾಗಿಲು ತೆರೆಯಲಿಲ್ಲ. ಗೋಲ್‌ಕೀಪರ್ ಶ್ರೀಜೇಶ್ ತಡೆದರು, 41 ವರ್ಷಗಳ ಬಳಿಕ ಭಾರತಕ್ಕೆ ಒಲಿಂಪಿಕ್ ಹಾಕಿ ಪದಕ ಬಂತು. ಅದೇ ಕೂಟದಲ್ಲಿ ಮೂರು ದಿನ ಮೊದಲು ಮಹಿಳಾ ತಂಡ ಬಲಾಢ್ಯ ಆಸ್ಟ್ರೇಲಿಯವನ್ನು 1–0ರಿಂದ ಮಣಿಸಿತ್ತು. ಆ ಒಂದು ಗೋಲನ್ನು ಕಾದ ರಕ್ಷಣಾ ಪಂಕ್ತಿಯಲ್ಲಿ ಇದ್ದವರು ಸುಂದರ್‌ಗಢದ ಲುಲ್ಕಿಡಿಹಿ ಹಳ್ಳಿಯ ದೀಪ್ ಗ್ರೇಸ್ ಎಕ್ಕಾ. ಪುರುಷರ ತಂಡದ ಮಾಜಿ ಆಟಗಾರ ಇಗ್ನೇಸ್ ತಿರ್ಕಿ ಅವರದೂ ಅದೇ ಊರು.

2023ರ ಜನವರಿ 13. ರೂರ್ಕೆಲಾದಲ್ಲಿ ಹೊಸದಾಗಿ ಕಟ್ಟಿದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ವಿಶ್ವಕಪ್. ಇಪ್ಪತ್ತು ಸಾವಿರ ಆಸನಗಳೂ ತುಂಬಿದ್ದವು. ಸ್ಪೇನಿನೆದುರು ಭಾರತದ ಮೊದಲ ಗೋಲನ್ನು ಹೊಡೆದವರು ತವರು ಜಿಲ್ಲೆಯ ಅಮಿತ್ ರೋಹಿದಾಸ್. ರಕ್ಷಣೆಯವನಿಗೂ ಒಮ್ಮೊಮ್ಮೆ ಹಬ್ಬವಿರುತ್ತದೆ. ಆದರೆ ಆ ಕ್ರೀಡಾಂಗಣದಲ್ಲಿ ಭಾರತ ಆಡಿದ ಎರಡು ಪಂದ್ಯಗಳ ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿರಿ: ಸ್ಪೇನ್ ವಿರುದ್ಧ 2–0, ಇಂಗ್ಲೆಂಡ್ ವಿರುದ್ಧ 0–0. ಸುಂದರ್‌ಗಢದ ನೆಲದಲ್ಲಿ ಭಾರತದ ಗೋಲಿನೊಳಗೆ ಒಂದು ಚೆಂಡೂ ಹೋಗಲಿಲ್ಲ.

ಅಮಿತ್ ಅವರ ನಿಜವಾದ ಬೆಲೆ ದೇಶಕ್ಕೆ ತಿಳಿದದ್ದು ಅವರು ಮೈದಾನದಲ್ಲಿ ಇಲ್ಲದ ದಿನ. 2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ, ಗ್ರೇಟ್ ಬ್ರಿಟನ್ನಿನೆದುರು, 17ನೆಯ ನಿಮಿಷದಲ್ಲಿ ಅವರ ಸ್ಟಿಕ್ ಎದುರಾಳಿಯ ತಲೆಗೆ ತಗುಲಿತೆಂದು ರೆಡ್ ಕಾರ್ಡ್ ತೋರಿಸಲಾಯಿತು. ಬೇಕೆಂದೇ ಮಾಡಿದ್ದಲ್ಲವೆಂದು ಭಾರತ ವಾದಿಸಿತು, ತೀರ್ಪು ಬದಲಾಗಲಿಲ್ಲ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಬೇಕಾಯಿತು. ಮಧ್ಯಪಂಕ್ತಿಯವರು ಹಿಂದೆ ಸರಿದರು, ಮುನ್ನಡೆಯವರು ಮಧ್ಯಪಂಕ್ತಿಗೆ ಇಳಿದರು. ಅಂಚುಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ವೃತ್ತದ ನಡುಭಾಗವನ್ನು ಬಿಗಿಯಾಗಿ ಮುಚ್ಚಿದರು. ಒಬ್ಬ ಕಡಿಮೆಯಾದಾಗ ಇಡೀ ತಂಡವೇ ಫುಲ್‌ಬ್ಯಾಕ್ ಆಗಬೇಕು, ಅಂದು ಹಾಗೆಯೇ ಆಯಿತು. 1–1ರ ಸಮಬಲದ ಬಳಿಕ ಶೂಟೌಟಿನಲ್ಲಿ ಭಾರತ 4–2ರಿಂದ ಗೆದ್ದಿತು. ನಮ್ಮ ನೋಟದಲ್ಲಿ ಇತ್ತೀಚಿನ ದಶಕಗಳಲ್ಲಿ ಭಾರತ ಆಡಿದ ಅತ್ಯಂತ ಶಿಸ್ತಿನ ರಕ್ಷಣಾ ಆಟ ಅದು.

ಆದರೆ ಶಿಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಅಮಿತ್‌ಗೆ ಮುಂದಿನ ಒಂದು ಪಂದ್ಯ ಆಡುವಂತಿರಲಿಲ್ಲ, ಅದು ಜರ್ಮನಿಯೆದುರಿನ ಸೆಮಿಫೈನಲ್. ಭಾರತ ಏಳನೆಯ ನಿಮಿಷದಲ್ಲೇ ಮುನ್ನಡೆ ಪಡೆಯಿತು. ಜರ್ಮನಿಯ ಮೊದಲ ಗೋಲು 18ನೆಯ ನಿಮಿಷದಲ್ಲಿ ಬಂತು. ಹೊಡೆದವರು ಗೊನ್ಸಾಲೋ ಪೆಯ್ಯಾಟ್, ಅದೂ ಪೆನಾಲ್ಟಿ ಕಾರ್ನರ್‌ನಿಂದ. ಓಡಿ ಹೋಗಿ ಆ ಚಿಮ್ಮುವಿಕೆಗೆ ಎದುರಾಗಬೇಕಿದ್ದವರು ಆ ಹೊತ್ತು ಮೈದಾನದ ಹೊರಗಿದ್ದರು. ಅವರಿದ್ದರೆ ತಡೆಯುತ್ತಿದ್ದರೋ ಇಲ್ಲವೋ, ಯಾರು ಹೇಳಬಲ್ಲರು? ಪಂದ್ಯ 3–2ರಿಂದ ಜರ್ಮನಿಯ ಪಾಲಾಯಿತು. ಫೈನಲ್ಲಿಗೂ ಭಾರತಕ್ಕೂ ನಡುವೆ ಉಳಿದ ಅಂತರ ಒಂದೇ ಗೋಲು.

ಆಗಸ್ಟ್ 8ರಂದು ಸ್ಪೇನಿನೆದುರು ಕಂಚಿಗಾಗಿ ನಡೆದ ಪಂದ್ಯಕ್ಕೆ ಅಮಿತ್ ಮರಳಿದರು. ಭಾರತದ ಎರಡು ಗೋಲುಗಳನ್ನೂ ನಾಯಕ ಹರ್ಮನ್‌ಪ್ರೀತ್ ಸಿಂಗ್ ಹೊಡೆದರು. 2–1ರಿಂದ ಮುಂದಿದ್ದಾಗ, ಕೊನೆಯ ನಿಮಿಷದಲ್ಲಿ, ಮತ್ತೆ ಅದೇ ಪರೀಕ್ಷೆ: ಸ್ಪೇನಿಗೆ ಪೆನಾಲ್ಟಿ ಕಾರ್ನರ್. ಐವರು ಗೆರೆಯ ಹಿಂದೆ ಮುಖವಾಡ ಬಿಗಿದುಕೊಂಡು ಬಾಗಿ ನಿಂತರು. ಚೆಂಡು ಹೊರಬಂತು, ಗೆರೆಯಿಂದ ಓಟ ಹೊರಟಿತು, ಗೋಲು ಆಗಲಿಲ್ಲ.